ಬ್ಯಾಡ್‌ಲ್ಯಾಂಡ್ಸ್ ಹುಲ್ಲುಬಯಲಲ್ಲಿ ಎರಡು ರಾತ್ರಿ: ಟೆಂಟ್ ಹಾಕಲು ಹೊರಟವರಿಗೆ

ಮಿನಿಯಾಪೊಲಿಸ್, ಶಿಕಾಗೊ ಕಡೆಯಿಂದ ಮೌಂಟ್ ರಶ್‌ಮೋರ್ ನೋಡಲು ಹೊರಡುವ ನಮ್ಮ ಕನ್ನಡದ ಕುಟುಂಬಗಳು ದಾರಿಯಲ್ಲಿ ಸಿಗುವ, ಸೌತ್ ಡಕೋಟಾ ರಾಜ್ಯದ ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಸಾಮಾನ್ಯವಾಗಿ ಎರಡು ಗಂಟೆ ಕೊಡುತ್ತವೆ. ಐ-90 ಹೆದ್ದಾರಿಯಿಂದ ಇಳಿದು, ಮೂರ್ನಾಲ್ಕು ಕಡೆ ಕಾರು ನಿಲ್ಲಿಸಿ, ಫೋಟೊ ತೆಗೆದುಕೊಂಡು ಮತ್ತೆ ಹೆದ್ದಾರಿ ಹತ್ತುತ್ತಾರೆ. ಹೆಚ್ಚಿನ ಸಲ ಅದು ಮಟಮಟ ಮಧ್ಯಾಹ್ನ. ಆ ಹೊತ್ತಿನಲ್ಲಿ ಗುಡ್ಡಗಳು ಸುಣ್ಣ ಬಳಿದ ಗೋಡೆಯಂತೆ ಬಿಳಿಚಿಕೊಂಡು ನಿಂತಿರುತ್ತವೆ. ಅದೇ ಗುಡ್ಡಗಳಲ್ಲಿ ಸಂಜೆ ಏಳೂವರೆಗೆ ಕೆಂಪು, ಬೂದು, ಹಳದಿ ಪಟ್ಟೆಗಳು ಒಂದೊಂದಾಗಿ ಎದ್ದು ಬರುತ್ತವೆ. ನಾನೂ ಮೊದಲ ಸಲ ಮಧ್ಯಾಹ್ನವೇ ನೋಡಿ ಮುಂದೆ ಹೋಗಿದ್ದೆ. ಎರಡನೆಯ ಸಲ ರಾತ್ರಿ ಉಳಿದೆ. ಆಮೇಲೆ ಉಳಿಯದೆ ಬಂದದ್ದಿಲ್ಲ.

ಅಲ್ಲಿ ಟೆಂಟ್ ಹಾಕಿ ಎರಡು ರಾತ್ರಿ ಕಳೆಯುವುದು ಹೇಗೆ ಎಂಬುದನ್ನು ಹಂತ ಹಂತವಾಗಿ ಹೇಳುತ್ತೇನೆ. ಮಿಷಿಗನ್ ಸರೋವರದ ದಡದಲ್ಲೋ ಮಿನೆಸೋಟದ ಕಾಡಿನಲ್ಲೋ ಟೆಂಟ್ ಹಾಕಿ ರೂಢಿಯಿರುವವರು ಇದನ್ನು ಗಮನವಿಟ್ಟು ಓದಿ. ಅಲ್ಲಿಯ ಅನುಭವದ ಅರ್ಧ ಭಾಗ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಇಲ್ಲಿ ಮರವಿಲ್ಲ, ನೆರಳಿಲ್ಲ, ಕುಡಿಯುವ ಹೊಳೆಯಿಲ್ಲ. ಗಾಳಿಗೆ ಅಡ್ಡ ನಿಲ್ಲುವಂಥದ್ದೂ ಏನೂ ಇಲ್ಲ.

ಮೊದಲು ತಿಂಗಳು ಗೊತ್ತುಮಾಡಿ

ಸೌತ್ ಡಕೋಟಾದ ಈ ಮೂಲೆಯಲ್ಲಿ ಬೇಸಿಗೆಯ ಮಧ್ಯಾಹ್ನ 100 ಡಿಗ್ರಿ ಫ್ಯಾರನ್‌ಹೀಟ್ ದಾಟುವುದು ದೊಡ್ಡ ಮಾತಲ್ಲ. ಚಳಿಗಾಲದಲ್ಲಿ ಸೊನ್ನೆಗಿಂತ ಎಷ್ಟೋ ಕೆಳಗಿಳಿಯುತ್ತದೆ. ಮೇ ಕೊನೆ ಮತ್ತು ಜೂನ್‌ನಲ್ಲಿ ಬಯಲು ಹಸಿರಾಗಿರುತ್ತದೆ, ಹೂವಿರುತ್ತದೆ. ಆದರೆ ವರ್ಷದಲ್ಲಿ ಹೆಚ್ಚು ಮಳೆ ಬೀಳುವುದೂ ಜೂನ್‌ನಲ್ಲೇ. ಜುಲೈ, ಆಗಸ್ಟ್ ಸುಡು ಬಿಸಿಲು, ಸಂಜೆಗೆ ಗುಡುಗು, ಕೆಲವು ಸಲ ಆಲಿಕಲ್ಲು. ಆಗಸ್ಟ್ ಮೊದಲ ಭಾಗದಲ್ಲಿ ಹತ್ತಿರದ ಸ್ಟರ್ಜಿಸ್ ಊರಿನಲ್ಲಿ ದೊಡ್ಡ ಮೋಟಾರ್‌ಸೈಕಲ್ ಜಾತ್ರೆ ನಡೆಯುತ್ತದೆ. 1938ರಿಂದ ನಡೆದು ಬಂದದ್ದು. ಆ ದಿನಗಳಲ್ಲಿ ರಸ್ತೆ, ಮೋಟೆಲ್, ಕ್ಯಾಂಪ್ ಜಾಗ ಎಲ್ಲ ತುಂಬಿರುತ್ತವೆ.

ನನ್ನನ್ನು ಕೇಳಿದರೆ ಸೆಪ್ಟೆಂಬರ್. ಲೇಬರ್ ಡೇ (ಆ ತಿಂಗಳ ಮೊದಲ ಸೋಮವಾರ) ಕಳೆದ ಮೇಲಿನ ಎರಡು ವಾರ. ಹುಲ್ಲು ಹಣ್ಣಾಗಿ ಹೊನ್ನಿನ ಬಣ್ಣಕ್ಕೆ ತಿರುಗಿರುತ್ತದೆ, ಹಗಲು ಹಿತವಾಗಿರುತ್ತದೆ, ರಾತ್ರಿಗೆ ಸ್ವೆಟರ್ ಬೇಕು. ಶಾಲೆಯ ಮಕ್ಕಳಿರುವವರಿಗೆ ಆಗುವುದಿಲ್ಲ ಎನ್ನುವುದು ಗೊತ್ತು. ಅವರು ಜೂನ್ ಆರಿಸಿಕೊಳ್ಳಿ, ಆದರೆ ಮಳೆಗೆಂದು ಒಂದು ದಿನ ಸಡಿಲ ಬಿಟ್ಟುಕೊಳ್ಳಿ. ಯಾಕೆಂದು ಕೆಸರಿನ ಮಾತು ಬಂದಾಗ ಹೇಳುತ್ತೇನೆ.

ಎಲ್ಲಿ ಮಲಗುವುದು

ಇಲ್ಲಿ ಆಯ್ಕೆ ಮುಖ್ಯವಾಗಿ ಮೂರು. ಮೂರೂ ಒಂದಕ್ಕೊಂದು ತೀರ ಬೇರೆ.

ಮೊದಲನೆಯದು ಸೀಡರ್ ಪಾಸ್. ಉದ್ಯಾನದ ಒಳಗೆ, ಬೆನ್ ರೈಫೆಲ್ ಸಂದರ್ಶಕರ ಕೇಂದ್ರಕ್ಕೆ ತಾಗಿಕೊಂಡೇ ಇದೆ. (ಬೆನ್ ರೈಫೆಲ್ ಅಮೆರಿಕದ ಕಾಂಗ್ರೆಸ್ಸಿಗೆ ಆರಿಸಿ ಬಂದ ಮೊದಲ ಲಕೋಟ. ಲಕೋಟರೆಂದರೆ ಈ ಬಯಲಿನ ಮೂಲನಿವಾಸಿಗಳು.) ಸುಮಾರು 96 ಜಾಗಗಳಿವೆ, ಕೆಲವಕ್ಕೆ ವಿದ್ಯುತ್ ಕೂಡ ಉಂಟು. ನೀರು ಬರುವ ಶೌಚಾಲಯ, ದುಡ್ಡು ಕೊಟ್ಟು ಸ್ನಾನ, ಮೇಜಿನ ಮೇಲೆ ಸಣ್ಣ ಚಾವಣಿ, ನಡೆದು ಹೋಗುವಷ್ಟು ದೂರದಲ್ಲಿ ಊಟದ ಹೋಟೆಲ್. ಮುಂಗಡ ಕಾಯ್ದಿರಿಸಬೇಕು. ಬೇಸಿಗೆಯ ವಾರಾಂತ್ಯಕ್ಕೆ ತಿಂಗಳುಗಳ ಮೊದಲೇ ಹಿಡಿದಿಡಿ. ಟೆಂಟ್ ಬಾಗಿಲು ತೆರೆದರೆ ಗರಗಸದ ಹಲ್ಲಿನಂಥ ಗುಡ್ಡದ ಸಾಲು ಎದುರಿಗೇ ಇರುತ್ತದೆ. ಬೇಸಿಗೆಯ ರಾತ್ರಿ ರೇಂಜರ್‌ಗಳು ಬಯಲು ರಂಗಮಂದಿರದಲ್ಲಿ ಮಾತಾಡುತ್ತಾರೆ, ಆಮೇಲೆ ದೂರದರ್ಶಕದಲ್ಲಿ ನಕ್ಷತ್ರ ತೋರಿಸುತ್ತಾರೆ. ಚಿಕ್ಕ ಮಕ್ಕಳಿದ್ದರೆ, ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ, ಇದೇ ಸರಿ.

ಎರಡನೆಯದು ಸೇಜ್ ಕ್ರೀಕ್. ಇದೂ ಉದ್ಯಾನದ ಒಳಗೇ, ಆದರೆ ಇನ್ನೊಂದು ತುದಿಯಲ್ಲಿ. ಪಿನಕಲ್ಸ್ ಪ್ರವೇಶದ್ವಾರದ ಹತ್ತಿರ ಡಾಂಬರು ರಸ್ತೆ ಬಿಟ್ಟು ಸೇಜ್ ಕ್ರೀಕ್ ರಿಮ್ ರಸ್ತೆ ಹಿಡಿಯಬೇಕು. ಸುಮಾರು 12 ಮೈಲಿ ಜಲ್ಲಿ ರಸ್ತೆ. ಕ್ಯಾಂಪಿಗೆ ಶುಲ್ಕವಿಲ್ಲ, ಮುಂಗಡವೂ ಇಲ್ಲ, ಮೊದಲು ಬಂದವರಿಗೆ ಜಾಗ. 18 ಅಡಿಗಿಂತ ಉದ್ದದ ವಾಹನಕ್ಕೆ ಪ್ರವೇಶವಿಲ್ಲ. ಗುಂಡಿ ಶೌಚಾಲಯ ಮತ್ತು ಕೆಲವು ಮೇಜುಗಳಿವೆ. ನೀರು ಒಂದು ತೊಟ್ಟೂ ಇಲ್ಲ. ಸುತ್ತ ಹುಲ್ಲಿನ ಗುಡ್ಡ, ನಡುವೆ ಬಟ್ಟಲಿನಂಥ ತಗ್ಗು, ಆ ತಗ್ಗಿನಲ್ಲಿ ನಿಮ್ಮ ಟೆಂಟ್. ಕಾಡೆಮ್ಮೆಗಳು, ಅಂದರೆ ಬೈಸನ್‌ಗಳು, ಮನಸ್ಸು ಬಂದಾಗ ಕ್ಯಾಂಪಿನ ಮಧ್ಯದಿಂದಲೇ ಹಾದು ಹೋಗುತ್ತವೆ. ಒಮ್ಮೆ ಬೆಳಗಿನ ಜಾವ ಯಾರೋ ಹತ್ತಿರದಲ್ಲಿ ಕಂಬಳಿ ಹರಿಯುತ್ತಿದ್ದಾರೆ ಅನ್ನಿಸಿ ಎಚ್ಚರವಾಯಿತು. ಇಪ್ಪತ್ತು ಅಡಿ ದೂರದಲ್ಲಿ ಒಂದು ಗೂಳಿ ಹುಲ್ಲು ಕಿತ್ತು ತಿನ್ನುತ್ತಿತ್ತು. ಜಾಲರಿಯ ಕಿಟಕಿಯಿಂದ ನೋಡುತ್ತ ಅಲುಗಾಡದೆ ಕೂತಿದ್ದೆ. ಅದು ಹೋಗಲು ಮುಕ್ಕಾಲು ಗಂಟೆ ಹಿಡಿಯಿತು.

ಮೂರನೆಯದು ಉದ್ಯಾನದ ಹೊರಗೆ: ಬಫೆಲೊ ಗ್ಯಾಪ್ ರಾಷ್ಟ್ರೀಯ ಹುಲ್ಲುಗಾವಲು. ಸುಮಾರು 6 ಲಕ್ಷ ಎಕರೆಯ ಸರ್ಕಾರಿ ಬಯಲು, ಉದ್ಯಾನವನ್ನು ಹಲವು ಕಡೆ ತಬ್ಬಿಕೊಂಡಂತೆ ಹರಡಿದೆ. ಒಂದು ಕಾಲಕ್ಕೆ ಇದೆಲ್ಲ 160 ಎಕರೆಯ ತುಂಡುಗಳಾಗಿ ರೈತರಿಗೆ ಹಂಚಿದ ಭೂಮಿ. ಹುಲ್ಲಿನ ಬೇರು ಕಿತ್ತು ಉತ್ತರು. 1930ರ ದಶಕದ ಬರದಲ್ಲಿ ಮಣ್ಣೇ ಗಾಳಿಗೆ ಎದ್ದು ಹೋಯಿತು, ಜನ ಬಿಟ್ಟು ಹೋದರು, ಸರ್ಕಾರ ಕೊಂಡು ಮತ್ತೆ ಹುಲ್ಲು ಬೆಳೆಸಿತು. ಗದಗಿನ ಕಡೆಯ ಒಣ ಬೇಸಾಯದ ಮನೆಯಲ್ಲಿ ಹುಟ್ಟಿದ ನನಗೆ ಅಲ್ಲಿ ನಿಂತಾಗಲೆಲ್ಲ ಈ ಕಥೆ ನೆನಪಾಗುತ್ತದೆ. ಇಲ್ಲಿ 14 ದಿನಗಳವರೆಗೆ ಪುಕ್ಕಟೆ ಇರಬಹುದು. ವಾಲ್ ಊರಿನಿಂದ ಉದ್ಯಾನದತ್ತ ಬರುವ 240ನೇ ರಸ್ತೆಯಲ್ಲಿ, ದ್ವಾರಕ್ಕೆ ಸ್ವಲ್ಪ ಮೊದಲು, ಕಮರಿಯ ಅಂಚಿನಲ್ಲಿ ಜನ ಸಾಲಾಗಿ ನಿಲ್ಲುವ ಜಾಗವೊಂದಿದೆ. ನೋಟ ಅದ್ಭುತ. ಆದರೆ ಅಂಚಿನಿಂದ ಗಾಳಿ ನೇರ ಮೇಲಕ್ಕೆ ಎರಗುತ್ತದೆ, ಶೌಚಾಲಯವಿಲ್ಲ, ಮಕ್ಕಳು ಓಡಾಡುವ ಜಾಗವಲ್ಲ. ವ್ಯಾನಿನಲ್ಲಿ ಮಲಗುವವರಿಗೆ ಅದು ಸೈ, ಟೆಂಟಿಗೆ ಬೇಡ. ಹುಲ್ಲುಗಾವಲಿನಲ್ಲಿ ಎಲ್ಲಿ ನಿಲ್ಲಬಹುದು, ಎಲ್ಲಿ ಖಾಸಗಿ ಜಮೀನು ಎಂಬುದನ್ನು ವಾಲ್‌ನಲ್ಲಿರುವ ಅರಣ್ಯ ಸೇವೆಯ ಕಚೇರಿಯಲ್ಲಿ ನಕ್ಷೆ ತೆಗೆದುಕೊಂಡು ಕೇಳಿ. ಎರಡೂ ಒಂದರೊಳಗೊಂದು ಹೆಣೆದುಕೊಂಡಿವೆ, ಬೇಲಿ ನೋಡಿ ಊಹಿಸಲಾಗದು.

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ: ಮೊದಲ ರಾತ್ರಿ ಸೀಡರ್ ಪಾಸ್, ಎರಡನೆಯ ರಾತ್ರಿ ಸೇಜ್ ಕ್ರೀಕ್. ಮೊದಲ ದಿನ ಗಾಳಿ, ಬಿಸಿಲು ಹೇಗಿದೆ ಎಂದು ಮೈಗೆ ಗೊತ್ತಾಗುತ್ತದೆ, ಮರೆತ ಸಾಮಾನು ಏನೆಂದು ತಿಳಿಯುತ್ತದೆ. ಮರುದಿನ ನೀರು ತುಂಬಿಕೊಂಡು ಸೇಜ್ ಕ್ರೀಕ್‌ಗೆ ಹೋಗಿ. ಮಧ್ಯಾಹ್ನ ಎರಡರೊಳಗೆ ತಲುಪಿದರೆ ಒಳ್ಳೆಯದು, ಬೇಸಿಗೆಯ ವಾರಾಂತ್ಯ ಸಂಜೆಗೆ ಜಾಗ ಉಳಿದಿರುವುದಿಲ್ಲ.

ರಸ್ತೆ ಮತ್ತು ಕಾಲುದಾರಿಯಿಂದ ಅರ್ಧ ಮೈಲಿ ಆಚೆ, ಯಾರ ಕಣ್ಣಿಗೂ ಬೀಳದಂತೆ, ಬಯಲೊಳಗೇ ನಡೆದು ಹೋಗಿ ಮಲಗಲೂ ಇಲ್ಲಿ ಅವಕಾಶವಿದೆ, ಪರವಾನಗಿ ಬೇಕಿಲ್ಲ. ಅದು ಎರಡನೆಯ ಮೂರನೆಯ ಭೇಟಿಯ ಮಾತು.

ಶುಲ್ಕ

ಉದ್ಯಾನಕ್ಕೆ ಒಂದು ಕಾರಿಗೆ 30 ಡಾಲರ್, 7 ದಿನ ನಡೆಯುತ್ತದೆ. ಕ್ಯಾಂಪ್ ಪುಕ್ಕಟೆಯಾದರೂ ಇದನ್ನು ಕಟ್ಟಬೇಕು. ವರ್ಷದಲ್ಲಿ ಮೂರ್ನಾಲ್ಕು ಉದ್ಯಾನ ನೋಡುವವರು ವಾರ್ಷಿಕ ಪಾಸ್ ಮಾಡಿಸಿಕೊಳ್ಳಿ. ಶುಲ್ಕ ಕಟ್ಟಲು ಬ್ಯಾಂಕ್ ಕಾರ್ಡ್ ಇಟ್ಟುಕೊಂಡಿರಿ. ಹೊರಡುವ ಮುನ್ನ ಉದ್ಯಾನ ಸೇವೆಯ ಜಾಲತಾಣದಲ್ಲಿ ದರವನ್ನೂ ರಸ್ತೆಯ ಸ್ಥಿತಿಯನ್ನೂ ಒಮ್ಮೆ ನೋಡಿ.

ನೀರಿನ ಲೆಕ್ಕ

ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್, ಎನ್ನುವುದು ಎಲ್ಲರೂ ಹೇಳುವ ಲೆಕ್ಕ. ಅದು ಬ್ರೆಡ್ ತಿಂದು ಕಾಗದದ ತಟ್ಟೆ ಎಸೆಯುವವರ ಲೆಕ್ಕ. ನಾವು ಅಕ್ಕಿ ತೊಳೆಯುತ್ತೇವೆ, ಅನ್ನ ಮಾಡುತ್ತೇವೆ, ಪಾತ್ರೆ ತಿಕ್ಕುತ್ತೇವೆ, ಊಟಕ್ಕೆ ಮುಂಚೆ ಕೈ ತೊಳೆಯುತ್ತೇವೆ. ಒಂದೂವರೆ ಗ್ಯಾಲನ್ ಇಟ್ಟುಕೊಳ್ಳಿ. ನಾಲ್ಕು ಜನ, ಸೇಜ್ ಕ್ರೀಕ್‌ನಲ್ಲಿ ಒಂದು ರಾತ್ರಿ, ಅದರ ಹಿಂದು ಮುಂದಿನ ಎರಡು ಅರ್ಧ ದಿನ: 5 ಗ್ಯಾಲನ್ನಿನ ಎರಡು ಕ್ಯಾನ್ ಸಾಕಾಗಿ ಸ್ವಲ್ಪ ಮಿಗುತ್ತದೆ. ಮಿಗಲಿ. ನಲ್ಲಿಯಿರುವ ಕ್ಯಾನ್ ತನ್ನಿ, ಬಗ್ಗಿಸಿ ಸುರಿಯುವ ಕ್ಯಾನಿನಿಂದ ಅರ್ಧ ನೀರು ನೆಲದ ಪಾಲು. ಸೀಡರ್ ಪಾಸ್‌ನಲ್ಲಿ ಅಥವಾ ಸಂದರ್ಶಕರ ಕೇಂದ್ರದಲ್ಲಿ ತುಂಬಿಸಿಕೊಳ್ಳಬಹುದು.

ಹಳ್ಳದಲ್ಲಿ ನೀರು ಕಂಡರೆ ಫಿಲ್ಟರ್ ಹಾಕಿ ಕುಡಿಯಬಹುದಲ್ಲ ಎಂದು ಬೇರೆ ಕಡೆ ಟ್ರೆಕ್ಕಿಂಗ್ ಮಾಡಿದವರು ಕೇಳುತ್ತಾರೆ. ಆಗದು. ಇಲ್ಲಿಯ ನೀರಿನಲ್ಲಿ ಜೇಡಿ ಕಣ ಎಷ್ಟು ನುಣ್ಣಗೆ ಬೆರೆತಿರುತ್ತದೆಂದರೆ ಬಕೆಟ್ಟಿನಲ್ಲಿಟ್ಟರೂ ತಳ ಸೇರುವುದಿಲ್ಲ, ಫಿಲ್ಟರ್ ನಿಮಿಷಗಳಲ್ಲಿ ಕಟ್ಟಿಕೊಳ್ಳುತ್ತದೆ. ಪಕ್ಕದಲ್ಲಿ ಹರಿಯುವ ವೈಟ್ ನದಿಗೆ ಆ ಹೆಸರು ಬಂದದ್ದೇ ಹಾಲು ಬೆರೆಸಿದಂಥ ಈ ನೀರಿನಿಂದ.

ನಡೆಯಲು ಹೋಗುವಾಗ ಎರಡು ಗಂಟೆಯ ನಡಿಗೆಗೆ ಒಬ್ಬರಿಗೆ ಎರಡು ಲೀಟರ್. ಮಕ್ಕಳಿಗೆ ಬಾಯಾರಿಕೆ ಆಯಿತೇ ಎಂದು ಕೇಳಬೇಡಿ, ಹೊತ್ತು ಹೊತ್ತಿಗೆ ಕುಡಿಸಿ. ಒಣ ಗಾಳಿಯಲ್ಲಿ ಬೆವರು ಕಾಣಿಸುವುದೇ ಇಲ್ಲ.

ಅಡುಗೆ

ಉದ್ಯಾನದೊಳಗೆ ಎಲ್ಲೂ ಸೌದೆ ಬೆಂಕಿ ಹಾಕುವಂತಿಲ್ಲ. ಕ್ಯಾಂಪ್‌ಫೈರ್ ಇಲ್ಲದೆ ಎಂಥ ಕ್ಯಾಂಪಿಂಗ್ ಎಂದು ಬೇಸರಪಡುವವರು ಸೆಪ್ಟೆಂಬರಿನ ಹುಲ್ಲನ್ನು ಒಮ್ಮೆ ಮುಟ್ಟಿ ನೋಡಿ. ಒಂದು ಕಿಡಿ, ಜೊತೆಗೆ ಆ ಗಾಳಿ ಸಾಕು. ಹೊರಗಿನ ಹುಲ್ಲುಗಾವಲಿನಲ್ಲೂ ಸ್ಟೌ ಬಿಟ್ಟು ಬೇರೇನೂ ಹಚ್ಚಬೇಡಿ.

ಎರಡು ಬರ್ನರಿನ ಗ್ಯಾಸ್ ಸ್ಟೌ, ಮೂರು ಕಡೆ ತಗಡಿನ ಮರೆ ಇರುವಂಥದ್ದು ತನ್ನಿ. ಮರೆಯಿಲ್ಲದ ಸ್ಟೌ ಮೇಲೆ ಚಹಾ ಕುದಿಯಲು ಅರ್ಧ ಗಂಟೆ ಹಿಡಿದದ್ದುಂಟು. ಊಟಕ್ಕೆ ನಮ್ಮ ಅಡುಗೆಮನೆಯಷ್ಟು ಅನುಕೂಲದ್ದು ಇನ್ನೊಂದಿಲ್ಲ: ಪುಳಿಯೋಗರೆ ಗೊಜ್ಜು, ಹುರಿದಿಟ್ಟ ರವೆ, ಗೊಜ್ಜವಲಕ್ಕಿಯ ಪುಡಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ರೊಟ್ಟಿ ಮತ್ತು ಚಟ್ನಿಪುಡಿ ಇದ್ದರೆ ಗಾಳಿ ಸ್ಟೌ ಹಚ್ಚಲು ಬಿಡದ ರಾತ್ರಿಯೂ ಉಪವಾಸವಿಲ್ಲ, ಪಾತ್ರೆಯೂ ಇಲ್ಲ. ಕುಕ್ಕರ್ ಒಯ್ಯಿರಿ, ಗ್ಯಾಸೂ ನೀರೂ ಉಳಿಯುತ್ತವೆ. ಉಳಿದ ಅನ್ನ, ಸಿಪ್ಪೆ, ಕರಿಬೇವಿನ ಎಲೆ ಯಾವುದನ್ನೂ ಹುಲ್ಲಿಗೆ ಎಸೆಯಬೇಡಿ. ಎಲ್ಲ ಚೀಲದಲ್ಲಿ ಕಟ್ಟಿ ವಾಪಸು ತನ್ನಿ. ಇದು ಕರಡಿಯ ನಾಡಲ್ಲ, ಆದರೆ ಕಯೋಟಿ ನರಿಗಳಿವೆ, ರಾತ್ರಿ ಆಹಾರವೆಲ್ಲ ಕಾರಿನೊಳಗಿರಲಿ.

ದಾರಿ

ಪೂರ್ವದಿಂದ ಬರುವವರಿಗೆ ಐ-90ರ 131ನೇ ಎಕ್ಸಿಟ್, ಪಶ್ಚಿಮದ ರ‍್ಯಾಪಿಡ್ ಸಿಟಿಯಿಂದ ಬರುವವರಿಗೆ ವಾಲ್ ಊರಿನ 110ನೇ ಎಕ್ಸಿಟ್. ಮಿನಿಯಾಪೊಲಿಸ್‌ನಿಂದ ಸುಮಾರು 500 ಮೈಲಿ, ಊಟ ವಿರಾಮ ಸೇರಿ ಒಂಬತ್ತು ಗಂಟೆ. ಚೇಂಬರ್ಲೇನ್‌ನಲ್ಲಿ ಮಿಸ್ಸೂರಿ ನದಿ ದಾಟುವ ಮುಂಚೆ ವಿಶ್ರಾಂತಿ ತಾಣದಲ್ಲಿ ನಿಲ್ಲಿ. ನಕ್ಷತ್ರದ ಕೌದಿ ಹೊದ್ದು ನಿಂತ ಸ್ಥಳೀಯ ಮಹಿಳೆಯ 50 ಅಡಿ ಎತ್ತರದ ಪ್ರತಿಮೆ ಅಲ್ಲಿದೆ, 2016ರಲ್ಲಿ ನಿಲ್ಲಿಸಿದ್ದು. ನದಿ ದಾಟಿದ ಮೇಲೆ ಹೊಲಗಳು ತೆಳುವಾಗುತ್ತ ಹುಲ್ಲು ಶುರುವಾಗುತ್ತದೆ. ಮುಂದೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಬ್ಯಾಡ್‌ಲ್ಯಾಂಡ್ಸ್ ಮೌಂಟನ್ ಸಮಯದಲ್ಲಿದೆ.

ಕಡೋಕ ಅಥವಾ ವಾಲ್‌ನಲ್ಲಿ ಟ್ಯಾಂಕ್ ತುಂಬಿಸಿ. ಫೋನ್ ಸಿಗ್ನಲ್ ಹಲವು ಕಡೆ ಇರುವುದಿಲ್ಲ, ನಕ್ಷೆ ಮೊದಲೇ ಇಳಿಸಿಕೊಳ್ಳಿ. 131ನೇ ಎಕ್ಸಿಟ್‌ನಲ್ಲೇ ಮಿನಿಟ್‌ಮನ್ ಕ್ಷಿಪಣಿ ಸ್ಮಾರಕದ ಕೇಂದ್ರವಿದೆ. ಶೀತಲ ಸಮರದ ಕಾಲದಲ್ಲಿ ಈ ಹುಲ್ಲಿನ ಕೆಳಗೆ ಅಣ್ವಸ್ತ್ರ ಹೂತಿಟ್ಟಿದ್ದ ಕಥೆ ಅಲ್ಲಿ ಸಿಗುತ್ತದೆ. ಮಳೆಯ ದಿನಕ್ಕೆ ಅದನ್ನು ಉಳಿಸಿಕೊಳ್ಳಿ.

ಟೆಂಟ್ ಹೂಡುವುದು

ಇದು ಇಡೀ ಪ್ರವಾಸವನ್ನು ಗೆಲ್ಲಿಸುವ ಅಥವಾ ಕೆಡಿಸುವ ಕೆಲಸ. ಒಳಗೆ ನಿಂತು ಓಡಾಡುವಷ್ಟು ಎತ್ತರದ, ನೆಟ್ಟಗಿನ ಗೋಡೆಯ ಟೆಂಟ್ ಇಲ್ಲಿಗೆ ತರಬೇಡಿ. ಅದು ಹಾಯಿಯಂತೆ ಗಾಳಿ ಹಿಡಿಯುತ್ತದೆ. ಬಟ್ಟಲು ಬೋರಲು ಹಾಕಿದಂಥ, ತಗ್ಗಿನ ಟೆಂಟ್ ಬೇಕು. ನಾಲ್ಕು ಜನಕ್ಕೆ ಒಂದು ದೊಡ್ಡದಕ್ಕಿಂತ ಎರಡು ಸಣ್ಣವು ಮೇಲು.

ಟೆಂಟಿನ ಜೊತೆ ಬರುವ ತೆಳು ಅಲ್ಯೂಮಿನಿಯಂ ಗೂಟಗಳನ್ನು ಮನೆಯಲ್ಲೇ ಬಿಡಿ. ಒಣಗಿದ ಜೇಡಿ ನೆಲ ಇಟ್ಟಿಗೆಯ ಹಾಗಿರುತ್ತದೆ, ಎರಡು ಏಟಿಗೆ ಅವು ಬಾಗುತ್ತವೆ. ಹತ್ತು ಅಂಗುಲದ ಉಕ್ಕಿನ ಮೊಳೆ, ತಲೆಗೆ ವಾಷರ್ ಹಾಕಿದ್ದು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಒಂದು ನಿಜವಾದ ಸುತ್ತಿಗೆಯೂ ಇರಲಿ, ಕಲ್ಲು ಹುಡುಕಿದರೆ ಇಲ್ಲಿ ಕಲ್ಲು ಸಿಗದು.

ಈಗ ಕ್ರಮ. ಬಂದ ಕೂಡಲೇ ಹೂಡಬೇಡಿ, ಹತ್ತು ನಿಮಿಷ ನಿಂತು ಗಾಳಿ ಯಾವ ಕಡೆಯಿಂದ ಎಂದು ನೋಡಿ. ಬಿರುಗಾಳಿ ಹೆಚ್ಚಾಗಿ ವಾಯವ್ಯದಿಂದ ಬರುತ್ತದೆ. ಟೆಂಟಿನ ತಗ್ಗಾದ, ಕಿರಿದಾದ ಬದಿ ಆ ಕಡೆಗಿರಲಿ, ಬಾಗಿಲು ಅದರ ವಿರುದ್ಧಕ್ಕೆ. ಸಾಧ್ಯವಾದರೆ ಗಾಳಿ ಬರುವ ಕಡೆ ಕಾರನ್ನು ಅಡ್ಡ ನಿಲ್ಲಿಸಿ. ಕಳ್ಳಿ ಇದೆಯೇ ನೋಡಿಕೊಳ್ಳಿ, ಚಪ್ಪಟೆ ಪಾಪಾಸುಕಳ್ಳಿ ಹುಲ್ಲಿನೊಳಗೆ ಅಡಗಿರುತ್ತದೆ, ಗಾಳಿ ತುಂಬುವ ಹಾಸಿಗೆಗೆ ಒಂದು ಮುಳ್ಳು ಸಾಕು. ಇಲಿಯಂತೆ ಬಿಲ ತೋಡಿ ಊರು ಕಟ್ಟುವ ಪ್ರೇರಿ ಡಾಗ್‌ಗಳ ಜಾಗದಲ್ಲಿ ಹೂಡಬೇಡಿ, ಅವುಗಳ ಚಿಗಟ ಪ್ಲೇಗ್ ಹರಡಬಲ್ಲದು. ಒಣ ಹಳ್ಳದ ತಳ ಮೆತ್ತಗೆ, ಸಮತಟ್ಟಾಗಿ ಕರೆಯುತ್ತದೆ. ಅಲ್ಲಂತೂ ಬೇಡವೇ ಬೇಡ, ದೂರದಲ್ಲೆಲ್ಲೋ ಬಿದ್ದ ಮಳೆ ರಾತ್ರೋರಾತ್ರಿ ಅಲ್ಲಿಗೆ ಬರುತ್ತದೆ.

ಮೊದಲು ಗಾಳಿಯ ಕಡೆಯ ಎರಡು ಮೂಲೆಗೆ ಗೂಟ ಹೊಡೆದು, ಆಮೇಲೆ ಕಂಬಿ ಏರಿಸಿ. ಹೊದಿಕೆಯ ಹಗ್ಗಗಳನ್ನು ಗಾಳಿಯಿಲ್ಲವೆಂದು ಬಿಡಬೇಡಿ, ಎಲ್ಲವನ್ನೂ ಕಟ್ಟಿ. ಸಂಜೆ ಎಲೆ ಅಲುಗದಂತಿದ್ದ ಬಯಲಲ್ಲಿ ರಾತ್ರಿ ಒಂದು ಗಂಟೆಗೆ ಟೆಂಟಿನ ಛಾವಣಿ ನನ್ನ ಮುಖಕ್ಕೆ ಬಂದು ಬಡಿದಿದೆ. ಹಗಲು ಸುತ್ತಾಡಲು ಹೋಗುವಾಗ ಭಾರದ ಚೀಲಗಳನ್ನು ನಾಲ್ಕೂ ಮೂಲೆಗಿಟ್ಟು ಹೋಗಿ. ನೆರಳಿನ ಚಪ್ಪರವನ್ನು ಮಾತ್ರ ಮಡಿಸಿಟ್ಟೇ ಹೋಗಬೇಕು. ಯಾರದೋ ಚಪ್ಪರ ಉರುಳಿಕೊಂಡು ಬಂದು ಇನ್ಯಾರದೋ ಕಾರಿಗೆ ಬಡಿಯುವುದು ಅಲ್ಲಿ ಹೊಸತಲ್ಲ.

ಗುಡುಗು ಹತ್ತಿರವಾದರೆ ಟೆಂಟ್ ಬಿಟ್ಟು ಕಾರಿಗೆ ಹೋಗಿ. ಅಷ್ಟಗಲ ಬಯಲಲ್ಲಿ ನೀವೇ ಎತ್ತರದ ವಸ್ತು. ಮಕ್ಕಳಿಗೆ ಇದನ್ನು ಹಗಲಲ್ಲೇ ಹೇಳಿಟ್ಟಿರಿ, ಟಾರ್ಚ್ ಮತ್ತು ಬೂಟು ಬಾಗಿಲ ಬಳಿ ಇರಲಿ.

ಪ್ರಾಣಿಗಳ ನಡುವೆ

ಬೈಸನ್‌ಗಳನ್ನು ಇಲ್ಲಿಗೆ 1963ರಲ್ಲಿ ಮರಳಿ ತಂದು ಬಿಟ್ಟರು. ಗೂಳಿ 2000 ಪೌಂಡ್ ತೂಗುತ್ತದೆ, ಗಂಟೆಗೆ 35 ಮೈಲಿ ಓಡುತ್ತದೆ. ನೂರು ಗಜ ದೂರ ಇರಬೇಕು ಎನ್ನುವುದು ನಿಯಮ. ಅದೇ ನಿಮ್ಮ ಹತ್ತಿರ ಬಂದರೆ? ಅಟ್ಟಬೇಡಿ, ಓಡಬೇಡಿ, ಕಾರಿನತ್ತ ನಿಧಾನ ಸರಿಯಿರಿ. ಬಾಲ ನೆಟ್ಟಗೆ ಎತ್ತಿದರೆ, ಕಾಲಿಂದ ನೆಲ ಕೆದರಿದರೆ ಅದಕ್ಕೆ ಸಿಟ್ಟು ಬಂದಿದೆ. ಜುಲೈ, ಆಗಸ್ಟ್ ಅವುಗಳ ಬೆದೆಯ ಕಾಲ, ಗೂಳಿಗಳು ಗುಟುರು ಹಾಕುತ್ತಿರುತ್ತವೆ. ಮನೆಯ ಎಮ್ಮೆಯ ರೂಢಿಯಲ್ಲಿ ಹತ್ತಿರ ಹೋಗುವ ಹಿರಿಯರನ್ನು ನಾನು ನೋಡಿದ್ದೇನೆ. ಪ್ರೀತಿಯಿಂದ, ಆದರೆ ಗಟ್ಟಿಯಾಗಿ, ತಡೆಯಿರಿ.

ವಿಷದ ಹಾವು ಒಂದೇ ಜಾತಿ, ಪ್ರೇರಿ ಬುಡಬುಡಿಕೆ ಹಾವು (ರ‍್ಯಾಟಲ್‌ಸ್ನೇಕ್). ಎತ್ತರದ ಬೂಟು ಹಾಕಿ, ಕಾಣದ ಕಡೆ ಕೈ ಇಡಬೇಡಿ, ರಾತ್ರಿ ಶೌಚಕ್ಕೆ ಟಾರ್ಚ್ ಇಲ್ಲದೆ ಹೋಗಬೇಡಿ. ಹುಲ್ಲಿನಲ್ಲಿ ನಡೆದು ಬಂದ ಮೇಲೆ ಉಣ್ಣಿ ಹತ್ತಿದೆಯೇ ಎಂದು ಮಕ್ಕಳ ಮೊಣಕಾಲ ಹಿಂಭಾಗ, ಕಿವಿಯ ಹಿಂದೆ ನೋಡಿ.

ಬೆಳಗ್ಗೆ ಏನು, ಸಂಜೆ ಏನು

ಜೂನ್‌ನಲ್ಲಿ ಐದು ಗಂಟೆಗೆಲ್ಲ ಸೂರ್ಯೋದಯ, ರಾತ್ರಿ ಎಂಟೂವರೆಯವರೆಗೆ ಬೆಳಕು. ದಿನವನ್ನು ಎರಡು ತುಂಡು ಮಾಡಿ: ಬೆಳಗ್ಗೆ ಐದರಿಂದ ಹತ್ತು, ಸಂಜೆ ಐದರಿಂದ ಒಂಬತ್ತು. ನಡುವೆ ನಿದ್ದೆ, ಊಟ, ಸಂದರ್ಶಕರ ಕೇಂದ್ರ.

ಸೀಡರ್ ಪಾಸ್‌ನ ಬೆಳಗ್ಗೆ ಡೋರ್ ಟ್ರೇಲ್‌ಗೆ ಕೊಡಿ. ಹೋಗಿ ಬರಲು ಮುಕ್ಕಾಲು ಮೈಲಿ. ಮರದ ಹಲಗೆಯ ದಾರಿ ಮುಗಿದ ಮೇಲೆ ಗೋಡೆಯಂತೆ ನಿಂತ ಗುಡ್ಡಸಾಲಿನ ಸಂದಿಯಿಂದ ಗುಡ್ಡಗಳ ನಡುವೆಯೇ ಇಳಿಯುತ್ತೀರಿ. ಏಣಿ ಹತ್ತಬಲ್ಲವರಿಗೆ ಒಂದೂವರೆ ಮೈಲಿಯ ನಾಚ್ ಟ್ರೇಲ್, ಮರದ ದಿಮ್ಮಿಯ ಏಣಿಯೊಂದಿದೆ. ಎತ್ತರ ಕಂಡರೆ ತಲೆ ತಿರುಗುವವರಿಗೂ, ಮಳೆ ಬಂದ ದಿನಕ್ಕೂ ಅದು ಬೇಡ. ಅಜ್ಜಿ ತಾತಂದಿರಿಗೆ ವಿಂಡೋ ಟ್ರೇಲ್ ಮತ್ತು ಫಾಸಿಲ್ ಎಕ್ಸಿಬಿಟ್ ಟ್ರೇಲ್, ಎರಡೂ ಕಾಲು ಮೈಲಿಯ ಹಲಗೆಯ ಹಾದಿ, ಗಾಲಿಕುರ್ಚಿಯೂ ಹೋಗುತ್ತದೆ. ಈ ಉದ್ಯಾನದಲ್ಲಿ ದಾರಿ ಬಿಟ್ಟು ನಡೆಯಲೂ ಅನುಮತಿಯುಂಟು. ಆದರೆ ಇಳಿಜಾರಿನ ಒಣ ಜೇಡಿ ಕಾಲ ಕೆಳಗೆ ರಾಗಿ ಚೆಲ್ಲಿದಂತೆ ಜಾರುತ್ತದೆ. ಹತ್ತಿದ ಮಕ್ಕಳಿಗೆ ಇಳಿಯಲಾಗದು.

ಸಂಜೆ ಪಶ್ಚಿಮದ ಯೆಲ್ಲೊ ಮೌಂಡ್ಸ್ ಮತ್ತು ಪಿನಕಲ್ಸ್ ನೋಟತಾಣಗಳಿಗೆ ಹೋಗಿ. ಗುಡ್ಡದ ಪಟ್ಟೆಗಳನ್ನು ಕೆಳಗಿನಿಂದ ಮೇಲೆ ಓದಬೇಕು. ತೀರ ತಳದ ಕಪ್ಪು ಪದರ ಡೈನೋಸಾರ್ ಕಾಲದ ಕಡಲ ತಳ. ಅದೇ ಕಡಲ ಮಣ್ಣು ಹೊರಬಿದ್ದು ಬಿಸಿಲು ಮಳೆಗೆ ಹಳದಿಯಾದದ್ದು ಯೆಲ್ಲೊ ಮೌಂಡ್ಸ್. ಅದರ ಮೇಲಿನ ಬೂದು ಪದರ 3.7 ಕೋಟಿಯಿಂದ 3.4 ಕೋಟಿ ವರ್ಷ ಹಿಂದಿನದು, ಆಮೇಲೆ ಕೆಂಪು ಪಟ್ಟೆಗಳು. ಇದನ್ನೆಲ್ಲ ಮಳೆ, ತೊರೆಗಳು ಕೊರೆಯಲು ತೊಡಗಿದ್ದು ಸುಮಾರು 5 ಲಕ್ಷ ವರ್ಷಗಳ ಹಿಂದೆಯಷ್ಟೇ. ವರ್ಷಕ್ಕೆ ಸರಿಸುಮಾರು ಒಂದು ಅಂಗುಲ ಈಗಲೂ ಸವೆಯುತ್ತಿದೆ, ಆದ್ದರಿಂದಲೇ ಹೊಸ ಪಳೆಯುಳಿಕೆಗಳು ಹೊರಗೆ ಬರುತ್ತಲೇ ಇರುತ್ತವೆ. 2010ರಲ್ಲಿ ಕತ್ತಿಹಲ್ಲಿನ ಬೆಕ್ಕಿನ ತಲೆಬುರುಡೆಯನ್ನು ಮೊದಲು ಕಂಡದ್ದು ಪ್ರವಾಸಕ್ಕೆ ಬಂದಿದ್ದ ಏಳು ವರ್ಷದ ಹುಡುಗಿ. ನಿಮಗೂ ಮೂಳೆ, ಹಲ್ಲು ಕಂಡರೆ ಎತ್ತಬೇಡಿ, ಸರಿಸಬೇಡಿ. ಫೋಟೊ ತೆಗೆದು, ಫೋನಿನಲ್ಲಿ ಜಾಗ ಗುರುತಿಸಿ, ಕೇಂದ್ರದಲ್ಲಿ ತಿಳಿಸಿ. ಜೇಬಿಗಿಳಿಸಿದರೆ ಅದು ಅಪರಾಧ. ಬೇಸಿಗೆಯಲ್ಲಿ ಕೇಂದ್ರದ ಪ್ರಯೋಗಾಲಯದಲ್ಲಿ ಪಳೆಯುಳಿಕೆ ಬಿಡಿಸುವುದನ್ನು ಎದುರಿಗೇ ನಿಂತು ನೋಡಬಹುದು. ಮಕ್ಕಳು ಅಲ್ಲಿಂದ ಕದಲುವುದಿಲ್ಲ.

ದಾರಿಯಲ್ಲಿ ಬಿಗ್ ಫುಟ್ ಪಾಸ್ ಎಂಬ ಫಲಕ ಕಂಡರೆ ನಿಲ್ಲಿಸಿ. 1890ರ ಡಿಸೆಂಬರ್ ಚಳಿಯಲ್ಲಿ ಮುಖಂಡ ಬಿಗ್ ಫುಟ್ ತನ್ನ ಲಕೋಟ ಜನರನ್ನು, ಹೆಂಗಸರು ಮಕ್ಕಳ ಸಮೇತ, ಗೋಡೆಯಂಥ ಈ ಗುಡ್ಡಸಾಲು ಇಳಿಸಿ ದಕ್ಷಿಣಕ್ಕೆ ಕರೆದೊಯ್ದ. ಡಿಸೆಂಬರ್ 29ರಂದು ವೂಂಡೆಡ್ ನೀ ಹಳ್ಳದ ಬಳಿ ಸೈನಿಕರು ಅವರಲ್ಲಿ 150ಕ್ಕೂ ಹೆಚ್ಚು ಜನರನ್ನು ಕೊಂದರು. ‘ಕೆಟ್ಟ ನೆಲ’ ಎಂಬ ಅರ್ಥದ ‘ಮಾಕೊ ಸಿಚಾ’ ಎಂಬ ಹೆಸರೂ ಲಕೋಟರದೇ. ಉದ್ಯಾನದ ದಕ್ಷಿಣ ಭಾಗ ಪೂರ್ತಿ ಪೈನ್ ರಿಡ್ಜ್ ಮೀಸಲು ಪ್ರದೇಶದೊಳಗಿದೆ, ಒಗ್ಲಾಲ ಲಕೋಟರ ನೆಲ. 1942ರಲ್ಲಿ ಅನೇಕ ಕುಟುಂಬಗಳನ್ನು ಎಬ್ಬಿಸಿ ಸೇನೆ ಅಲ್ಲಿ ಬಾಂಬ್ ಅಭ್ಯಾಸ ಮಾಡಿತು, ಸಿಡಿಯದ ಬಾಂಬುಗಳು ಈಗಲೂ ಸಿಗುತ್ತವೆ. ಅಲ್ಲಿಗೆ ಹೋಗುವವರು ಮೊದಲು ವೈಟ್ ರಿವರ್ ಕೇಂದ್ರದಲ್ಲಿ ವಿಚಾರಿಸಿ. ಲೋಹದ ತುಂಡು ಕಂಡರೆ ಮುಟ್ಟಬೇಡಿ. ಆ ನೆಲದಲ್ಲಿ ಕೋಲಿಗೆ ಕಟ್ಟಿದ ಬಟ್ಟೆ, ಗಂಟು ಕಂಡರೆ ಅವು ಪೂಜೆಯವು. ಫೋಟೊ ಕೂಡ ಬೇಡ.

ಕೆಸರು

ಮಳೆ ಬಂದರೆ ಏನಾಗುತ್ತದೆ ಎಂಬುದನ್ನು ಎರೆ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿಯ ಜೇಡಿಯಲ್ಲಿರುವುದು ನಮ್ಮ ಎರೆಮಣ್ಣಿನಲ್ಲಿರುವ ಅದೇ ಗುಣದ ಖನಿಜ: ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅಲ್ಲಿಯವರು ಇದಕ್ಕೆ ಗಂಬೊ ಎನ್ನುತ್ತಾರೆ. ನಾಲ್ಕು ಹೆಜ್ಜೆಗೆ ಬೂಟು ನಾಲ್ಕು ಸೇರು ತೂಗುತ್ತದೆ. ಚಕ್ರ ಮತ್ತು ಮಡ್‌ಗಾರ್ಡ್ ನಡುವೆ ತುಂಬಿಕೊಂಡರೆ ನಾಲ್ಕೂ ಚಕ್ರ ತಿರುಗಿಸುವ ಗಾಡಿಯೂ ನಿಲ್ಲುತ್ತದೆ. ಒಮ್ಮೆ ಹುಲ್ಲುಗಾವಲಿನ ಮಣ್ಣುದಾರಿಯಲ್ಲಿ ಮೋಡ ನೋಡಿಯೂ ಉಳಿದು, ಮರುದಿನ ಮಧ್ಯಾಹ್ನದ ತನಕ ಕಾರು ಕದಲಿಸಲಾಗದೆ ಕೂತಿದ್ದೆವು.

ಆದ್ದರಿಂದ ಮಣ್ಣುದಾರಿಯಲ್ಲಿ ಟೆಂಟ್ ಹಾಕಿದವರು ಮಳೆಯ ಸೂಚನೆ ಕಂಡರೆ ಹನಿ ಬೀಳುವ ಮುಂಚೆ ಜಲ್ಲಿ ರಸ್ತೆಗೆ ಬಂದುಬಿಡಿ. ಸೇಜ್ ಕ್ರೀಕ್ ರಸ್ತೆಗೆ ಜಲ್ಲಿಯಿದೆ, ಆದರೂ ದೊಡ್ಡ ಮಳೆಗೆ ಮುಚ್ಚುವುದುಂಟು. ಬಿದ್ದೇ ಬಿಟ್ಟರೆ ಹೊರಡಲು ಹೋರಾಡಬೇಡಿ. ಬಿಸಿಲು, ಗಾಳಿ ಸೇರಿ ಅರ್ಧ ದಿನದಲ್ಲಿ ನೆಲ ಗಟ್ಟಿಯಾಗುತ್ತದೆ. ಒದ್ದೆ ಹುಲ್ಲಿನ ಮೇಲೆ ಚಕ್ರ ಉರುಳಿಸಿದರೆ ಬೀಳುವ ಗೆರೆ ವರ್ಷಗಟ್ಟಲೆ ಮಾಯುವುದಿಲ್ಲ. ಸಡಿಲ ಬಿಟ್ಟ ಆ ಒಂದು ದಿನ ಇದಕ್ಕಾಗಿ.

ಹೊರಡುವ ಬೆಳಗ್ಗೆ

ಬಿಸಿಲೇರಿ ಇಬ್ಬನಿ ಆರಿದ ಮೇಲೆ ಟೆಂಟ್ ಮಡಿಸಿ. ಗೂಟಗಳನ್ನು ಎಣಿಸಿಕೊಳ್ಳಿ, ಹುಲ್ಲಿನಲ್ಲಿ ಉಳಿದ ಉಕ್ಕಿನ ಮೊಳೆ ಇನ್ನೊಬ್ಬರ ಟಯರಿಗೆ, ಕುದುರೆಯ ಕಾಲಿಗೆ ಹೊಗುತ್ತದೆ. ಬೂಟು, ಕಾಲುಚೀಲಕ್ಕೆ ಅಂಟಿದ ಹುಲ್ಲುಬೀಜಗಳನ್ನು ಅಲ್ಲೇ ಕಿತ್ತುಬಿಡಿ. ವಾಲ್ ಊರಿನಲ್ಲಿ 1931ರಲ್ಲಿ ಶುರುವಾದ, ಹೆಸರಾದ ವಾಲ್ ಡ್ರಗ್ ಅಂಗಡಿಯಿದೆ. ಹೆದ್ದಾರಿಯುದ್ದಕ್ಕೂ ಅದರ ಫಲಕಗಳನ್ನು ನೋಡಿಕೊಂಡೇ ಬಂದಿರುತ್ತೀರಿ. ಐದು ಸೆಂಟಿನ ಕಾಫಿ ಇಂದಿಗೂ ಅಲ್ಲಿದೆ, ತಣ್ಣೀರು ಪುಕ್ಕಟೆ. ಕ್ಯಾನುಗಳನ್ನು ದಾರಿಗೆ ತುಂಬಿಸಿಕೊಳ್ಳಿ. ಪೂರ್ವಕ್ಕೆ ಹೊರಟವರು ಬರುವಾಗ ಸಿಕ್ಕ ಆ ಒಂದು ಗಂಟೆಯನ್ನು ದಾರಿಯಲ್ಲಿ ಮರಳಿಸಬೇಕು, ಹತ್ತಕ್ಕೆ ವಾಲ್ ಬಿಟ್ಟರೆ ಮಿನಿಯಾಪೊಲಿಸ್ ಸೇರುವಾಗ ರಾತ್ರಿ ಎಂಟು ದಾಟಿರುತ್ತದೆ.